ಮ್ಯಾಟಿನಿ ಷೋಗೆ ಬರುವ ದೆವ್ವ

ದೆವ್ವ ನೋಡಲು ಅಮಾವಾಸ್ಯೆ ಬೇಕು, ನಡುರಾತ್ರಿಯಾಗಿರಬೇಕು, ಊರಾಚೆಯ ಪಾಳುಬಂಗಲೆಯೇ ಆಗಬೇಕು ಎಂದುಕೊಂಡವರಿಗೆ ಲಂಡನ್ನಿನ ಥಿಯೇಟರ್ ರಾಯಲ್ ಡ್ರೂರಿ ಲೇನ್ ನಿರಾಸೆ ಮಾಡೀತು. ಅಲ್ಲಿನ ಹೆಸರಾಂತ ದೆವ್ವದ ಡ್ಯೂಟಿ ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ. ತಲೆಗೆ ಮುಕ್ಕೋನೆಯ ಟೋಪಿ, ಪೌಡರು ಹಚ್ಚಿದ ವಿಗ್ಗು, ಬೂದು ಬಣ್ಣದ ನಿಲುವಂಗಿ, ಸೊಂಟದಲ್ಲಿ ಕತ್ತಿ. ಬಾಲ್ಕನಿಯ ನಾಲ್ಕನೆಯ ಸಾಲಿನ ಹಿಂದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾವಕಾಶ ನಡೆದು ಗೋಡೆಯೊಳಗೆ ಮಾಯವಾಗುತ್ತದಂತೆ. ಯಾರಿಗೂ ಕೇಡು ಮಾಡಿದ್ದಿಲ್ಲ. ಅದು ಕಂಡರೆ ನಾಟಕ ಗೆಲ್ಲುತ್ತದೆ ಎಂಬ ನಂಬಿಕೆಯಿರುವುದರಿಂದ ನಟರು, ನಿರ್ಮಾಪಕರು ಅದು ಬರಲಿ ಎಂದೇ ಹಾರೈಸುತ್ತಾರೆ. ಇಂಗ್ಲೆಂಡಿನವರು ಇದಕ್ಕಿಟ್ಟ ಹೆಸರು ‘ಮ್ಯಾನ್ ಇನ್ ಗ್ರೇ’. ನಾವು ಬೂದುಬಟ್ಟೆಯವನು ಎನ್ನೋಣ.

ಮಗಳು–ಅಳಿಯನ ಮನೆಗೆಂದು ಲಂಡನ್ನಿಗೆ ಹೋಗಿ ಎರಡು ತಿಂಗಳು ಉಳಿಯುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಅರಮನೆ, ಮ್ಯೂಸಿಯಂ, ದೊಡ್ಡ ಗಡಿಯಾರ ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಘೋಸ್ಟ್ ಹಂಟಿಂಗ್‌ಗೆ ಇಡಬಹುದು. ಹಳೆಯ ರಂಗಮಂದಿರದಲ್ಲಿ ದೆವ್ವ ಹುಡುಕುವವರು ಮೊದಲು ಹುಡುಕಬೇಕಾದದ್ದು ಆ ಕಟ್ಟಡವನ್ನು. ಇಲ್ಲದ್ದನ್ನು ಇದೆಯೆಂದು ತೋರಿಸುವುದಕ್ಕೇ ಕಟ್ಟಿದ ಜಾಗ ಅದು. ಅಂಥಲ್ಲಿ ನಮ್ಮ ಕಣ್ಣನ್ನು ಅಷ್ಟು ಸುಲಭಕ್ಕೆ ನಂಬಬಾರದು.

ಕಟ್ಟಡದ ಜಾತಕ

ಡ್ರೂರಿ ಲೇನ್ ನಾಟಕಶಾಲೆಗೆ 360 ವರ್ಷಗಳ ಇತಿಹಾಸ ಎನ್ನುತ್ತಾರೆ. ಜಾಗದ ಮಟ್ಟಿಗೆ ಈ ಮಾತು ನಿಜ. ಕಟ್ಟಡದ ಲೆಕ್ಕ ಬೇರೆ. ಮೊದಲನೆಯದು 1663ರಲ್ಲಿ ತೆರೆದು 1672ರಲ್ಲಿ ಸುಟ್ಟುಹೋಯಿತು. 1674ರ ಎರಡನೆಯದು ನೂರು ವರ್ಷ ದಾಟಿ ಬಾಳಿತು. ನಟ ಡೇವಿಡ್ ಗ್ಯಾರಿಕ್ ಮೆರೆದದ್ದು ಅಲ್ಲಿಯೇ. 1791ರಲ್ಲಿ ಅದನ್ನು ಕೆಡವಿ, 1794ರಲ್ಲಿ ಮೂರನೆಯದನ್ನು ಎಬ್ಬಿಸಿದರು. ಬೆಂಕಿ ತಡೆಯಲು ಕಬ್ಬಿಣದ ಪರದೆ, ಚಾವಣಿಯಲ್ಲಿ ನೀರಿನ ತೊಟ್ಟಿ ಎಂದು ಅದರ ಬಗ್ಗೆ ಜಂಭ ಕೊಚ್ಚಿಕೊಂಡಿದ್ದೇ ಬಂತು. 1809ರ ಫೆಬ್ರವರಿಯಲ್ಲಿ ಅದೂ ಬೂದಿಯಾಯಿತು. ಈಗ ನಿಂತಿರುವುದು ನಾಲ್ಕನೆಯದು. ಬೆಂಜಮಿನ್ ವ್ಯಾಟ್ ವಿನ್ಯಾಸ ಮಾಡಿದ ಈ ಕಟ್ಟಡ 1812ರ ಅಕ್ಟೋಬರ್ 10ರಂದು ‘ಹ್ಯಾಮ್ಲೆಟ್’ ನಾಟಕದೊಂದಿಗೆ ಬಾಗಿಲು ತೆರೆಯಿತು. ಅಪ್ಪನ ಪ್ರೇತ ಬಂದು ಮಾತಾಡುವ ನಾಟಕದಿಂದಲೇ ಇದರ ಲೆಕ್ಕ ಶುರು.

ಇಷ್ಟೇ ಆಗಿದ್ದರೆ ಲೆಕ್ಕ ಸುಲಭವಿತ್ತು. 1922ರಲ್ಲಿ ಪ್ರೇಕ್ಷಕರು ಕೂರುವ ಭಾಗವನ್ನು ಒಳಗಿಂದ ಪೂರ್ತಿ ಹೊಸದಾಗಿ ಕಟ್ಟಿದರು. 2019ರಿಂದ 2021ರವರೆಗೆ ಸುಮಾರು 6 ಕೋಟಿ ಪೌಂಡ್ ಸುರಿದು ಮತ್ತೆ ನವೀಕರಿಸಿದರು. ಇದನ್ನೆಲ್ಲ ಒಂದು ಹಾಳೆಯ ಎಡಗಡೆ ಬರೆದುಕೊಂಡು, ಬಲಗಡೆ ದೆವ್ವಗಳ ಕಥೆ ಬರೆಯಿರಿ. ಬೂದುಬಟ್ಟೆಯವನ ವೇಷಭೂಷಣ ಹದಿನೆಂಟನೆಯ ಶತಮಾನದ್ದು, ಅಂದರೆ ಎರಡನೆಯ ಕಟ್ಟಡದ ಕಾಲದ್ದು. ಅವನು ನಡೆದಾಡುವ ಬಾಲ್ಕನಿ 1922ರದ್ದು. ಬದುಕಿದ್ದಾಗ ಅವನ ಕಾಲಕೆಳಗೆ ಈ ನೆಲವೇ ಇರಲಿಲ್ಲ. ಹಳೆಯ ದಾರಿಯಲ್ಲೇ ನಡೆಯುತ್ತಾನೆ ಎನ್ನೋಣವೆಂದರೆ ಹಳೆಯ ದಾರಿಯ ಎತ್ತರ ಹೊಸ ಸಾಲಿನ ಎತ್ತರಕ್ಕೆ ಹೊಂದಿಕೊಂಡೀತೆ? ದೆವ್ವಕ್ಕೆ ಎಂಜಿನಿಯರಿಂಗ್ ಲೆಕ್ಕ ಅನ್ವಯಿಸುವುದಿಲ್ಲ ಎಂದು ವಾದಿಸುವವರು ವಾದಿಸಲಿ. ನಾನಂತೂ ಈ ಹಾಳೆಯಿಲ್ಲದೆ ಯಾವ ದೆವ್ವದ ಮನೆಗೂ ಹೋಗಬೇಡಿ ಎನ್ನುತ್ತೇನೆ.

ನಟ ಚಾರ್ಲ್ಸ್ ಮ್ಯಾಕ್ಲಿನ್‌ನದು ಇದಕ್ಕಿಂತ ರೋಚಕ ಕಥೆ, ಮತ್ತು ಇದರಲ್ಲಿ ಕೊಲೆ ಮಾತ್ರ ನಿಜ. 1735ರ ಮೇ ತಿಂಗಳ ಒಂದು ಸಂಜೆ, ನಟರು ಸೇರುವ ಗ್ರೀನ್ ರೂಮಿನಲ್ಲಿ ಮ್ಯಾಕ್ಲಿನ್ ಮತ್ತು ಥಾಮಸ್ ಹ್ಯಾಲಮ್ ಎಂಬ ಸಹನಟನ ನಡುವೆ ಒಂದು ವಿಗ್ಗಿನ ವಿಷಯಕ್ಕೆ ಜಗಳ ಹತ್ತಿತು. ಮಾತಿಗೆ ಮಾತು ಬೆಳೆದು ಮ್ಯಾಕ್ಲಿನ್ ಕೈಲಿದ್ದ ಬೆತ್ತವನ್ನು ಚುಚ್ಚಿದ. ಅದು ಹ್ಯಾಲಮ್‌ನ ಕಣ್ಣಿಗೇ ಹೊಕ್ಕಿತು. ಹ್ಯಾಲಮ್ ಉಳಿಯಲಿಲ್ಲ. ಓಲ್ಡ್ ಬೇಯ್ಲಿ ಕೋರ್ಟು ಇದು ಬೇಕೆಂದೇ ಮಾಡಿದ ಕೊಲೆಯಲ್ಲ ಎಂದು ತೀರ್ಪಿತ್ತಿತು. ಮ್ಯಾಕ್ಲಿನ್ ಮತ್ತೆ ಬಣ್ಣ ಹಚ್ಚಿದ, 1741ರಲ್ಲಿ ಶೇಕ್ಸ್‌ಪಿಯರನ ಶೈಲಾಕ್‌ನ ಪಾತ್ರ ಮಾಡಿ ಲಂಡನ್ನನ್ನೇ ಬೆರಗುಗೊಳಿಸಿದ, 1797ರವರೆಗೆ ಬದುಕಿದ. ಅವನ ಪ್ರೇತ ಕೊಲೆ ನಡೆದ ಜಾಗದಲ್ಲಿ ಸುಳಿಯುತ್ತದೆ ಎಂಬುದು ಕಥೆ. ಆ ಗ್ರೀನ್ ರೂಮಿದ್ದ ಕಟ್ಟಡ 1791ರಲ್ಲೇ ನೆಲಸಮವಾಗಿತ್ತು. ಅಂದರೆ ಮ್ಯಾಕ್ಲಿನ್ ಬದುಕಿದ್ದಾಗಲೇ ಅವನ ಪ್ರೇತದ ವಿಳಾಸ ಅಳಿಸಿಹೋಗಿತ್ತು!

ಈ ಮೊಕದ್ದಮೆಯ ದಾಖಲೆಯನ್ನು ಮನೆಯಲ್ಲೇ ಕೂತು ಓದಬಹುದು. ಓಲ್ಡ್ ಬೇಯ್ಲಿ ಕೋರ್ಟಿನ 1674ರಿಂದ 1913ರವರೆಗಿನ ವಿಚಾರಣೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ‘ಸರ್ವೇ ಆಫ್ ಲಂಡನ್’ ಮಾಲೆಯ 35ನೆಯ ಸಂಪುಟ ಈ ನಾಟಕಶಾಲೆಯ ಗೋಡೆ–ಗೋಡೆಯ ಚರಿತ್ರೆಯನ್ನು ನಕ್ಷೆ ಸಮೇತ ಕೊಡುತ್ತದೆ. ಅದಕ್ಕೂ ಕಾಸು ಬೇಕಿಲ್ಲ. ಹೊರಡುವ ಮುನ್ನ ಇವೆರಡನ್ನು ಓದಿ. ದುಬಾರಿ ಉಪಕರಣದ ಪೆಟ್ಟಿಗೆ ಕೊಡದ ತಿಳಿವಳಿಕೆ ಇವು ಕೊಡುತ್ತವೆ.

ಸಾಕ್ಷಿ ಹೇಳಿದವರು ಯಾರು?

ಬೂದುಬಟ್ಟೆಯವನ ಹಿಂದೊಂದು ಕಥೆಯಿದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕೆಲಸಗಾರರು ಬಾಲ್ಕನಿಯ ಪಕ್ಕದ ಗೋಡೆ ಒಡೆದಾಗ ಹಿಂದೊಂದು ಪುಟ್ಟ ಕೋಣೆ ಕಂಡಿತಂತೆ. ಒಳಗೆ ಅಸ್ಥಿಪಂಜರ, ಪಕ್ಕೆಲುಬಿನ ನಡುವೆ ಚೂರಿ. ಇಂಥ ಕಥೆ ಕೇಳಿದಾಗ ಇಟ್ಟುಕೊಳ್ಳಬೇಕಾದ ಪ್ರಶ್ನೆಗಳು ಎರಡು: ಇದನ್ನು ಮೊದಲು ಬರೆದವರು ಯಾರು? ಘಟನೆ ನಡೆದ ಎಷ್ಟು ವರ್ಷಕ್ಕೆ ಬರೆದರು?

ಈ ದೆವ್ವವನ್ನು ಮನೆಮಾತು ಮಾಡಿದವರು ಡಬ್ಲ್ಯು. ಜೆ. ಮ್ಯಾಕ್ವೀನ್-ಪೋಪ್. ರಂಗಭೂಮಿಯ ಚರಿತ್ರೆಯ ಬಗ್ಗೆ ರಾಶಿ ಪುಸ್ತಕ ಬರೆದವರು, ಡ್ರೂರಿ ಲೇನನ್ನು ಮನಸಾರೆ ಪ್ರೀತಿಸಿದವರು, ಬೂದುಬಟ್ಟೆಯವನನ್ನು ತಾವೇ ಎಷ್ಟೋ ಸಲ ಕಂಡದ್ದಾಗಿ ಹೇಳಿಕೊಂಡವರು. ಅವರ ಹುದ್ದೆ? ಅದೇ ನಾಟಕಶಾಲೆಯ ಪ್ರಚಾರಾಧಿಕಾರಿ. ದೆವ್ವ ಬಂದರೆ ನಾಟಕ ಹಿಟ್ ಎಂಬ ಸುದ್ದಿ ಟಿಕೆಟ್ ಕೌಂಟರಿಗೆ ಎಂಥ ವರ ಎಂದು ಬಿಡಿಸಿ ಹೇಳಬೇಕಿಲ್ಲ. ‘ಒಕ್ಲಹೋಮಾ!’, ‘ಸೌತ್ ಪೆಸಿಫಿಕ್’, ‘ದ ಕಿಂಗ್ ಅಂಡ್ ಐ’ ಮುಂತಾಗಿ ದೆವ್ವ ಹರಸಿದ ನಾಟಕಗಳ ಪಟ್ಟಿಯಲ್ಲಿರುವ ಕೆಲವು ಅಮೆರಿಕದಲ್ಲಿ ಮೊದಲೇ ಗೆದ್ದು ಬಂದವು. ಅವನು ಬಂದೂ ಬಿದ್ದುಹೋದ ನಾಟಕಗಳ ಪಟ್ಟಿಯನ್ನು ಯಾರೂ ಇಟ್ಟಂತಿಲ್ಲ. ಹಾಗೆಂದು ಮ್ಯಾಕ್ವೀನ್-ಪೋಪ್ ಸುಳ್ಳುಗಾರರು ಎನ್ನಲಾರೆ. ಪ್ರೀತಿಯೂ ಸಂಬಳವೂ ಒಂದೇ ದಿಕ್ಕಿಗೆ ಎಳೆದಾಗ ಮನುಷ್ಯನ ಕಣ್ಣು ಎಷ್ಟು ಉದಾರವಾಗುತ್ತದೆ ಎಂಬುದನ್ನು ಮನಸ್ಸಿನಲ್ಲಿಡಬೇಕು, ಅಷ್ಟೆ. 1939ರಲ್ಲಿ ಐವರ್ ನೊವೆಲ್ಲೋನ ‘ದ ಡ್ಯಾನ್ಸಿಂಗ್ ಇಯರ್ಸ್’ ಸಂಗೀತ ನಾಟಕದ ತಂಡ ಫೋಟೋಗೆಂದು ವೇದಿಕೆಯ ಮೇಲೆ ನಿಂತಿದ್ದಾಗ ಅರ್ಧಕ್ಕರ್ಧ ಜನ ಬೂದುಬಟ್ಟೆಯವನನ್ನು ಕಂಡರಂತೆ. ಆ ಅರ್ಧ ಜನ ಬೇರೆಬೇರೆಯಾಗಿ, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವ ಮುನ್ನ ಬರೆದಿಟ್ಟ ಹೇಳಿಕೆ ಸಿಕ್ಕರೆ ಅದಕ್ಕೆ ಬೆಲೆ.

ಒಳಗೆ ಹೋಗುವುದು ಹೇಗೆ

ಇದು ಪಾಳುಬಿದ್ದ ಕಟ್ಟಡವಲ್ಲ. ದಿನವೂ ನಾಟಕ ನಡೆಯುವ, ಸುಮಾರು ಎರಡು ಸಾವಿರ ಸೀಟಿನ ರಂಗಮಂದಿರ. ಕದ್ದು ನುಗ್ಗುವ ಯೋಚನೆ ಬೇಡ. ಪೊಲೀಸರ ಮಾತು ಹಾಗಿರಲಿ, ಕತ್ತಲಲ್ಲಿ ವೇದಿಕೆಯ ಮುಂದಿನ ವಾದ್ಯಗಾರರ ಹಳ್ಳಕ್ಕೆ ಬಿದ್ದರೆ ಮೂಳೆ ಉಳಿಯುವುದಿಲ್ಲ. ನೇರ ದಾರಿಗಳು ಎರಡಿವೆ. ಮಾರ್ಗದರ್ಶಿಯೊಡನೆ ಕಟ್ಟಡ ಸುತ್ತುವ ಟೂರ್ ಒಂದು. ನಾಟಕದ ವೇಳಾಪಟ್ಟಿ ನೋಡಿಕೊಂಡು ಇದನ್ನು ಇಡುವುದರಿಂದ ರಂಗಮಂದಿರದ ಅಧಿಕೃತ ತಾಣದಲ್ಲೇ ದಿನ, ದರ ನೋಡಿ ಮುಂಗಡ ಕಾಯ್ದಿರಿಸಿ. ಎರಡನೆಯದು ಮ್ಯಾಟಿನಿ ಟಿಕೆಟ್. ಬೂದುಬಟ್ಟೆಯವನ ಹೊತ್ತಿಗೆ ಸರಿಹೊಂದುವುದು ಇದೇ, ಜತೆಗೊಂದು ಒಳ್ಳೆಯ ಸಂಗೀತ ನಾಟಕವೂ ದಕ್ಕುತ್ತದೆ. ಹಳೆಯ ಪುಸ್ತಕಗಳಲ್ಲಿರುವ ಸಾಲಿನ ನಂಬರು ಹಿಡಿದು ಸೀಟು ಆರಿಸಬೇಡಿ. ನವೀಕರಣದಲ್ಲಿ ಆಸನಗಳ ಜೋಡಣೆ ಬದಲಾಗಿದೆ. ಅವನಿರುವ ಬಾಲ್ಕನಿಯೊಳಗೆ ಕೂರುವುದಕ್ಕಿಂತ ಅದು ಓರೆಯಾಗಿ ಕಾಣುವಂಥ ಸೀಟು ಹಿಡಿಯುವುದು ಮೇಲು.

ಟೂರಿನಲ್ಲಿ ವೇದಿಕೆಯ ಹಿಂಭಾಗಕ್ಕೆ ಕರೆದೊಯ್ದರೆ ಅಲ್ಲಿ ಶಿಳ್ಳೆ ಹಾಕಬೇಡಿ, ‘ಮ್ಯಾಕ್‌ಬೆತ್’ ಎಂಬ ಹೆಸರು ಎತ್ತಬೇಡಿ. ಎರಡೂ ಅಪಶಕುನ. ಶಿಳ್ಳೆಗೆ ಕಾರಣವಿದೆ ಎನ್ನುತ್ತಾರೆ: ಒಂದು ಕಾಲಕ್ಕೆ ಪರದೆ, ಸೀನರಿಗಳ ಹಗ್ಗ ಎಳೆಯಲು ಹಡಗಿನ ಕೆಲಸ ಬಲ್ಲವರೇ ಇರುತ್ತಿದ್ದರು, ಅವರ ಸನ್ನೆ ಶಿಳ್ಳೆ. ನೀವು ಸುಮ್ಮನೆ ಹಾಕಿದ ಶಿಳ್ಳೆಗೆ ಮೇಲಿಂದ ಒಂದು ಕೋಟೆಗೋಡೆ ಇಳಿದುಬಿಟ್ಟರೆ?

ಅಲ್ಲಿ ನಿಂತಾಗ ಮೇಲೆ, ಕೆಳಗೆ ನೋಡಿ. ಮೇಲೆ ಸೀನರಿಗಳನ್ನು ಎತ್ತಿ ಬಚ್ಚಿಡುವ ಎತ್ತರದ ಗೋಪುರ. ಕೆಳಗೆ ವೇದಿಕೆಯನ್ನೇ ಏರಿಳಿಸುತ್ತಿದ್ದ ಯಂತ್ರಗಳ ಪಾತಾಳ. 1902ರಲ್ಲಿ ಇಲ್ಲಿ ‘ಬೆನ್-ಹರ್’ ನಾಟಕಕ್ಕೆ ನಿಜವಾದ ಕುದುರೆಗಳ ರಥ ಓಡಿಸಿದರು. 1909ರ ‘ದ ವಿಪ್’ನಲ್ಲಿ ರೈಲು ಅಪಘಾತವನ್ನೇ ತೋರಿಸಿದರು. ಗುಬ್ಬಿ ಕಂಪನಿಯವರು ‘ಕುರುಕ್ಷೇತ್ರ’ದಲ್ಲಿ ಆನೆ–ಕುದುರೆಗಳನ್ನು ರಂಗಕ್ಕೆ ತಂದದ್ದನ್ನು ಅಜ್ಜನ ಬಾಯಲ್ಲಿ ಕೇಳಿದವರಿಗೆ ಈ ಹುಚ್ಚಿನ ಅಂದಾಜು ಸಿಕ್ಕೀತು.

ಲಂಡನ್ನಿನ ರಂಗಭೂಮಿ ದೆವ್ವಗಳನ್ನೂ ಹೀಗೆಯೇ ತಯಾರಿಸುತ್ತಿತ್ತು. 1852ರಲ್ಲಿ ‘ದ ಕಾರ್ಸಿಕನ್ ಬ್ರದರ್ಸ್’ ನಾಟಕಕ್ಕೆಂದು ವೇದಿಕೆಯ ನೆಲದಲ್ಲಿ ಜಾರುದಾರಿ ಮಾಡಿ, ಸತ್ತ ಸೋದರನ ಪ್ರೇತ ಕಾಲೆತ್ತದೆ ತೇಲುತ್ತ ಮೇಲೇರುವಂತೆ ಮಾಡಿದರು. ಹತ್ತು ವರ್ಷದ ಮೇಲೆ, 1862ರ ಕ್ರಿಸ್‌ಮಸ್ ಮುನ್ನಾದಿನ, ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜಾನ್ ಪೆಪ್ಪರ್ ಎಂಬ ವಿಜ್ಞಾನ ಪ್ರಚಾರಕ ‘ಪೆಪ್ಪರನ ದೆವ್ವ’ವನ್ನು ತೋರಿಸಿದ. ಮೂಲ ಉಪಾಯ ಹೆನ್ರಿ ಡರ್ಕ್ಸ್ ಎಂಬ ಎಂಜಿನಿಯರನದು. ವೇದಿಕೆಯ ಮೇಲೆ ದೊಡ್ಡ ಗಾಜಿನ ಹಾಳೆಯನ್ನು ಓರೆಯಾಗಿ ನಿಲ್ಲಿಸುವುದು. ಪ್ರೇಕ್ಷಕರಿಗೆ ಕಾಣದ ತಗ್ಗಿನಲ್ಲಿ ಒಬ್ಬ ನಟನಿಗೆ ಪ್ರಖರ ಬೆಳಕು ಬಿಡುವುದು. ಅವನ ಪ್ರತಿಬಿಂಬ ಗಾಜಿನಲ್ಲಿ ಮೂಡಿ, ಪಾರದರ್ಶಕ ಪ್ರೇತವೊಂದು ವೇದಿಕೆಯ ಮೇಲಿನ ನಟನ ಪಕ್ಕ ಓಡಾಡಿದಂತೆ ತೋರುತ್ತದೆ. ರಾತ್ರಿ ಬಸ್ಸಿನ ಕಿಟಕಿಯಲ್ಲಿ ನಮ್ಮದೇ ಮುಖ ಹೊರಗಿನ ಹೊಲದ ಮೇಲೆ ತೇಲುವುದೂ ಇದೇ ಸೂತ್ರದಿಂದ. ರಂಗಮಂದಿರದಲ್ಲಿ ಗಾಜು, ಕನ್ನಡಿ, ಹೊಳೆಯುವ ಹಿತ್ತಾಳೆ ಕಂಬಿಗಳಿಗೆ ಬರವಿಲ್ಲ. ಏನಾದರೂ ಕಂಡರೆ ಮೊದಲು ಅದಕ್ಕೂ ನಿಮಗೂ ನಡುವೆ ಗಾಜಿದೆಯೇ ನೋಡಿ.

ಚೀಲದಲ್ಲಿ ಏನಿರಬೇಕು

ರಾತ್ರಿಯಿಡೀ ಕೂರಲು ಬಿಡುವ ಹಳೆಯ ರಂಗಮಂದಿರಗಳೂ ಬ್ರಿಟನ್ನಿನಲ್ಲಿವೆ. ದುಡ್ಡು ಪಡೆದು ಇಂಥ ಕೂಟ ನಡೆಸುವವರಿದ್ದಾರೆ. ಅಂಥಲ್ಲಿಗೆ ಹೋಗುವುದಾದರೆ ಕೊಂಡೊಯ್ಯಬೇಕಾದವು: ನೋಟ್‌ಬುಕ್ಕು, ಪೆನ್ನು, ಕೈಗಡಿಯಾರ, ಟಾರ್ಚು, ಹೆಚ್ಚುವರಿ ಬ್ಯಾಟರಿ, ಸೀಮೆಸುಣ್ಣ, ನೂಲು, ಅಳತೆ ಟೇಪು, ಬೆಚ್ಚಗಿನ ಸ್ವೆಟರು. 1937ರಲ್ಲಿ ಬೋರ್ಲಿ ಎಂಬ ಹಳ್ಳಿಯ ಪಾದ್ರಿ ಮನೆಯನ್ನು ವರ್ಷದ ಬಾಡಿಗೆಗೆ ಹಿಡಿದು, ಕಾವಲಿಗೆ ಜನ ಬೇಕೆಂದು ‘ದ ಟೈಮ್ಸ್’ನಲ್ಲಿ ಜಾಹೀರಾತು ಕೊಟ್ಟ ಹ್ಯಾರಿ ಪ್ರೈಸ್‌ನ ಪೆಟ್ಟಿಗೆಯಲ್ಲೂ ಇಂಥವೇ ಇದ್ದವು. ಪ್ರೈಸ್‌ನ ಪ್ರಾಮಾಣಿಕತೆಯನ್ನೇ ಮುಂದೆ ಸಂಶೋಧಕರು ಪ್ರಶ್ನಿಸಿದರು. ಅವನ ಸೀಮೆಸುಣ್ಣ ಮಾತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ: ಮೇಜಿನ ಮೇಲಿನ ವಸ್ತುವಿನ ಸುತ್ತ ಗೆರೆ ಎಳೆದಿಟ್ಟರೆ ಅದು ಸರಿಯಿತೋ ಇಲ್ಲವೋ ಎಂಬ ಜಗಳವೇ ಇರುವುದಿಲ್ಲ. ಅಂದಹಾಗೆ, ಸೀಮೆಸುಣ್ಣ ಹಚ್ಚುವ ಮುನ್ನ ಕಟ್ಟಡದವರನ್ನು ಕೇಳಿ.

ಟಿವಿ ಕಾರ್ಯಕ್ರಮಗಳಲ್ಲಿ ಮಿನುಗುವ ಇಎಂಎಫ್ ಮೀಟರು ವಿದ್ಯುತ್ಕಾಂತ ಕ್ಷೇತ್ರವನ್ನು ಅಳೆಯುತ್ತದೆ, ಪ್ರೇತವನ್ನಲ್ಲ. ಗೋಡೆಯೊಳಗಿನ ತಂತಿ, ಲೈಟಿನ ಡಿಮ್ಮರು, ನಿಮ್ಮದೇ ಜೇಬಿನ ಮೊಬೈಲು, ಎಲ್ಲಕ್ಕೂ ಕುಣಿಯುತ್ತದೆ. ರಂಗಮಂದಿರದಲ್ಲಿ ಅದು ಸುಮ್ಮನಿದ್ದರೇ ಅನುಮಾನ ಪಡಬೇಕು. ಪಿಸ್ತೂಲಿನಂತೆ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರು ಗಾಳಿಯ ತಂಪನ್ನು ಅಳೆಯುವುದಿಲ್ಲ. ಅದು ಗುರಿಯಿಟ್ಟ ಮೇಲ್ಮೈಯ ತಾಪ ಹೇಳುತ್ತದೆ. ‘ಗಾಳಿಯ ನಡುವೆ ತಣ್ಣನೆಯ ಆಕೃತಿ’ ಎಂದು ಅದನ್ನು ತೋರಿಸಿ ಯಾರಾದರೂ ಹೇಳಿದರೆ ಆಚೆ ಗೋಡೆ ತಣ್ಣಗಿದೆ ಎಂದಷ್ಟೇ ತಿಳಿಯಿರಿ. ನಾಟಕಶಾಲೆಯಲ್ಲಿ ಇದ್ದಕ್ಕಿದ್ದಂತೆ ಚಳಿಯಾಗುವುದಂತೂ ಸರ್ವೇಸಾಮಾನ್ಯ. ವೇದಿಕೆಯ ಮೇಲಿನ ಗೋಪುರದಲ್ಲಿ ತಣ್ಣನೆಯ ಗಾಳಿ ತುಂಬಿರುತ್ತದೆ. ಪರದೆ ಎದ್ದೊಡನೆ ಮುಂದಿನ ಸಾಲಿನವರ ಕಾಲಿಗೆ ಬಂದು ಸುತ್ತುತ್ತದೆ.

ಫೋಟೋದಲ್ಲಿ ತೇಲುವ ಬೆಳಕಿನ ಉಂಡೆಗಳು ಆತ್ಮಗಳಲ್ಲ. ಲೆನ್ಸಿನ ಹತ್ತಿರ ಹಾರುವ ಧೂಳಿನ ಕಣಕ್ಕೆ ಫ್ಲಾಷ್ ಬಡಿದರೆ ಹಾಗೆ ಮೂಡುತ್ತದೆ, ಮತ್ತು ಹಳೆಯ ರಂಗಮಂದಿರದ ಮಖಮಲ್ಲಿನಲ್ಲಿ ಎಷ್ಟು ಧೂಳಿರುತ್ತದೆ ಎಂದು ಗುಡಿಸುವವರನ್ನು ಕೇಳಿ. ಧ್ವನಿಮುದ್ರಣ ಮಾಡುವುದಾದರೆ ಒಂದು ಶಿಸ್ತು ಪಾಲಿಸಿ: ಸದ್ದಾದ ಕೂಡಲೇ ಜೋರಾಗಿ ಹೇಳಿಬಿಡಿ. ‘ಇದು ನನ್ನ ಹೊಟ್ಟೆ ಗುಡುಗಿದ್ದು’, ‘ಕುರ್ಚಿ ಕಿರುಗುಟ್ಟಿತು’, ‘ಹೊರಗೆ ಬಸ್ಸು’. ಆ ಕ್ಷಣಕ್ಕೆ ನಗು ಬರುತ್ತದೆ. ವಾರದ ಮೇಲೆ ಹೆಡ್‌ಫೋನ್ ಹಾಕಿ ಕೇಳುವಾಗ ಆ ಗುಡುಗು ಇಂಗ್ಲಿಷಿನಲ್ಲಿ ನಿಮ್ಮ ಹೆಸರು ಹಿಡಿದು ಕರೆದಂತೆ ಕೇಳಿಸಿದಾಗ ಗೊತ್ತಾಗುತ್ತದೆ ಇದರ ಉಪಯೋಗ.

ಕತ್ತಲಲ್ಲಿ ಕೂತಾಗ

ರಾತ್ರಿ ಎಲ್ಲ ದೀಪ ಆರಿಸಿದ ಮೇಲೆ ಎಷ್ಟೋ ರಂಗಮಂದಿರಗಳಲ್ಲಿ ವೇದಿಕೆಯ ನಡುವೆ ಒಂದು ಕಂಬಕ್ಕೆ ಒಂಟಿ ಬಲ್ಬು ಉರಿಸಿಡುತ್ತಾರೆ. ಹೆಸರೇ ‘ಘೋಸ್ಟ್ ಲೈಟ್’. ದೆವ್ವಗಳಿಗೆ ನಾಟಕವಾಡಲು ಬೆಳಕು ಎಂದು ನಟರು ಹೇಳಿದರೆ, ಬೆಳಗ್ಗೆ ಮೊದಲು ಬಂದವರು ಹಳ್ಳಕ್ಕೆ ಬೀಳದಿರಲಿ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾನೆ. ಗಾಢ ಕತ್ತಲಲ್ಲಿ ಅಂಥದ್ದೊಂದು ಚಿಕ್ಕ ಬೆಳಕನ್ನೇ ದಿಟ್ಟಿಸುತ್ತ ಕೂತರೆ ಅದು ಅತ್ತಿತ್ತ ಸರಿಯತೊಡಗುತ್ತದೆ. ಬೆಳಕು ನಿಂತಲ್ಲೇ ಇರುತ್ತದೆ. ಸುತ್ತ ಹೋಲಿಸಲು ಏನೂ ಇಲ್ಲದ್ದರಿಂದ ಕಣ್ಣಿನ ಸಣ್ಣ ಅದುರನ್ನು ಮಿದುಳು ಬೆಳಕಿನ ತಲೆಗೆ ಕಟ್ಟುತ್ತದೆ. ಮುಜಾಫರ್ ಷರೀಫ್ ಎಂಬ ಮನೋವಿಜ್ಞಾನಿ 1935ರಲ್ಲಿ ಇನ್ನೂ ಮುಂದೆ ಹೋಗಿ, ಗುಂಪಿನಲ್ಲಿ ಕೂತವರು ಬೆಳಕು ಎಷ್ಟು ಸರಿಯಿತೆಂಬ ಲೆಕ್ಕದಲ್ಲಿ ಒಬ್ಬರಿಗೊಬ್ಬರು ಹತ್ತಿರ ಬರುತ್ತಾರೆಂದು ತೋರಿಸಿದರು. ಹಾಗಾಗಿ ಕಂಡದ್ದನ್ನು ಪಕ್ಕದವರಿಗೆ ಪಿಸುಗುಟ್ಟಬೇಡಿ. ಗಂಟೆ, ಜಾಗ, ಕಂಡದ್ದು ಇಷ್ಟನ್ನು ಬರೆದು ಹಾಳೆ ಮಡಿಚಿಡಿ. ಎಲ್ಲರ ಹಾಳೆಗಳನ್ನು ಹೊರಗೆ ಬಂದ ಮೇಲೆ ತೆರೆಯಿರಿ.

ಡ್ರೂರಿ ಲೇನಿನ ಮತ್ತೊಂದು ದೆವ್ವ ಡ್ಯಾನ್ ಲೀನೋ, ಇಲ್ಲಿನ ಕ್ರಿಸ್‌ಮಸ್ ಪ್ರಹಸನಗಳಲ್ಲಿ ಹೆಣ್ಣುವೇಷ ಹಾಕಿ ಜನರನ್ನು ನಗಿಸಿ, 1904ರಲ್ಲಿ ತೀರಿಕೊಂಡ ಹಾಸ್ಯನಟ. ಬಣ್ಣದ ಕೋಣೆಯ ಕನ್ನಡಿಯಲ್ಲಿ ತನ್ನ ಮುಖದ ಜತೆ ಲೀನೋನ ಮುಖ ಕಂಡಿತೆಂದು ಸ್ಟ್ಯಾನ್ಲಿ ಲುಪಿನೊ ಎಂಬ ಇನ್ನೊಬ್ಬ ಹಾಸ್ಯನಟ ಹೇಳಿಕೊಂಡಿದ್ದ. ಇದನ್ನು ನಗೆಯಾಡಿ ತಳ್ಳಿಹಾಕಬೇಡಿ. ಇಟಲಿಯ ಜೊವಾನ್ನಿ ಕಪುಟೊ 2010ರಲ್ಲಿ 50 ಜನರನ್ನು ಮಂದ ಬೆಳಕಿನಲ್ಲಿ ಹತ್ತು ನಿಮಿಷ ಕನ್ನಡಿ ನೋಡುತ್ತ ಕೂರಿಸಿದಾಗ ಶೇಕಡಾ 66 ಜನಕ್ಕೆ ತಮ್ಮ ಮುಖ ವಿಕಾರವಾಗಿ ಬದಲಾದದ್ದು ಕಂಡಿತು. ಕೆಲವರಿಗೆ ಸತ್ತ ಬಂಧುವಿನ ಮುಖವೇ ಕಂಡಿತು. ಬಣ್ಣ ಹಚ್ಚಿಕೊಂಡು, ದಣಿದು, ತಾನು ಆರಾಧಿಸುವ ನಟ ಕೂತಿದ್ದ ಕೋಣೆಯಲ್ಲಿ ಕೂತವನ ಕಥೆ ಕೇಳಬೇಕೆ? ಮನೆಯ ಬಾತ್‌ರೂಮಿನಲ್ಲಿ ನೀವೂ ಇದನ್ನು ಮಾಡಿ ನೋಡಬಹುದು. ಅಂಜುಬುರುಕ ಮಕ್ಕಳ ಎದುರು ಬೇಡ.

ಕಿವಿಗೆ ಕೇಳದ ಸದ್ದಿನ ಬಗ್ಗೆ ಉತ್ಸಾಹಿಗಳು ಬಹಳ ಮಾತಾಡುತ್ತಾರೆ. ಕೊವೆಂಟ್ರಿಯ ಎಂಜಿನಿಯರ್ ವಿಕ್ ಟ್ಯಾಂಡಿಗೆ ಪ್ರಯೋಗಾಲಯದಲ್ಲಿ ಒಬ್ಬನೇ ಇದ್ದಾಗ ಮೈ ನಡುಗಿ, ಕಣ್ಣಂಚಿನಲ್ಲಿ ಬೂದು ಆಕೃತಿ ಕಂಡಿತು. ಮರುದಿನ ವೈಸ್‌ಗೆ ಬಿಗಿದಿಟ್ಟ ಕತ್ತಿವರಸೆಯ ಅಲಗು ತಾನಾಗಿ ಕಂಪಿಸುವುದನ್ನು ನೋಡಿ ಜಾಡು ಹಿಡಿದರೆ, ಹೊಸದಾಗಿ ಕೂರಿಸಿದ ಫ್ಯಾನು 19 ಹರ್ಟ್ಜ್ ಆಸುಪಾಸಿನ ಕಂಪನ ಹುಟ್ಟಿಸುತ್ತಿತ್ತು. 1998ರಲ್ಲಿ ಅದು ಪ್ರಬಂಧವಾಗಿ ಪ್ರಕಟವಾಯಿತು. 2003ರಲ್ಲಿ ಲಂಡನ್ನಿನ ಪರ್ಸೆಲ್ ರೂಮಿನಲ್ಲಿ ಸಂಗೀತ ಕಛೇರಿಯ ನಡುವೆ ಗುಟ್ಟಾಗಿ 17 ಹರ್ಟ್ಜ್ ಸದ್ದು ಸೇರಿಸಿದಾಗ ಕೇಳುಗರಲ್ಲಿ ಕೆಲವರು ಚಳಿ, ಕಳವಳ, ವಿನಾಕಾರಣ ದುಃಖದಂಥ ಅನುಭವ ಹೇಳಿದರು. ಉಳಿದವರಿಗೆ ಏನೂ ಆಗಲಿಲ್ಲ ಎಂಬುದನ್ನು ಉತ್ಸಾಹಿಗಳು ನುಂಗಿಬಿಡುತ್ತಾರೆ. ಎಲ್ಲ ದೆವ್ವವನ್ನೂ ಫ್ಯಾನಿಗೆ ಕಟ್ಟುವುದೂ ಒಂದು ಮೂಢನಂಬಿಕೆಯೇ. ಆದರೂ ವಾತಾಯನದ ಯಂತ್ರ ಯಾವಾಗ ಓಡುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಕೇಳಿ ಬರೆದುಕೊಳ್ಳಲು ಖರ್ಚೇನಿಲ್ಲ.

ಇಷ್ಟೆಲ್ಲ ತಿಳಿದುಕೊಂಡು ಮ್ಯಾಟಿನಿಗೆ ಕೂತಿದ್ದೀರಿ, ಬಾಲ್ಕನಿಯ ಕೊನೆಯಲ್ಲಿ ಬೂದುಬಟ್ಟೆಯವನು ಕಂಡೇಬಿಟ್ಟ ಎಂದಿಟ್ಟುಕೊಳ್ಳಿ. ಕಿರುಚಬೇಡಿ, ಮೊಬೈಲು ತೆಗೆಯಬೇಡಿ. ನಾಟಕದ ನಡುವೆ ಫೋಟೋ ತೆಗೆದರೆ ನಿಮ್ಮನ್ನೇ ಮಾಯ ಮಾಡುತ್ತಾರೆ. ಗಂಟೆ ನೋಡಿ. ರಂಗದ ಮೇಲೆ ಯಾವ ದೃಶ್ಯ, ಬೆಳಕು ಯಾವ ಬಣ್ಣದ್ದು ಗಮನಿಸಿ. ವೇದಿಕೆಯ ಬೆಳಕು ಬದಲಾದಾಗ ಎದುರು ಬಾಲ್ಕನಿಯ ನೆರಳುಗಳೂ ಚಲಿಸುತ್ತವೆ. ಇಂಟರ್ವಲ್‌ನಲ್ಲಿ ಆ ಜಾಗಕ್ಕೇ ಹೋಗಿ, ಅವನು ಹೊಕ್ಕ ಗೋಡೆಯಲ್ಲಿ ಬಾಗಿಲಿದೆಯೇ ತಟ್ಟಿ ನೋಡಿ, ಅಲ್ಲಿ ಸಿಬ್ಬಂದಿ ಯಾರಾದರೂ ಓಡಾಡಿದರೇ ಎಂದು ಕೇಳಿ. ಇದಿಷ್ಟರ ನಂತರವೂ ಉತ್ತರ ಸಿಗದಿದ್ದರೆ 1882ರಿಂದ ಇಂಥ ವರದಿಗಳನ್ನು ಕೂಡಿಡುತ್ತಿರುವ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್ ಲಂಡನ್ನಿನಲ್ಲೇ ಇದೆ, ಅವರಿಗೆ ಬರೆದು ಕಳಿಸಿ.

ಸಮಯ ಉಳಿದರೆ ಹೇಮಾರ್ಕೆಟ್‌ನ ಥಿಯೇಟರ್ ರಾಯಲ್‌ವರೆಗೆ ನಡೆದು ಹೋಗಿ. 2009ರಲ್ಲಿ ‘ವೇಟಿಂಗ್ ಫಾರ್ ಗೋಡೋ’ ಆಡುತ್ತಿದ್ದಾಗ ಪ್ಯಾಟ್ರಿಕ್ ಸ್ಟೀವರ್ಟ್‌ಗೆ ರಂಗದ ಪಕ್ಕದಲ್ಲಿ ಯಾರೋ ನಿಂತಿದ್ದು ಕಂಡಿತಂತೆ. ಹಳೆಯ ಮ್ಯಾನೇಜರ್ ಬಕ್‌ಸ್ಟೋನ್ ಎಂದು ಪತ್ರಿಕೆಗಳು ಬರೆದವು. ದಾರಿಯಲ್ಲಿ ಮೇಡನ್ ಲೇನ್ ಸಿಗುತ್ತದೆ. 1897ರ ಡಿಸೆಂಬರ್ 16ರಂದು ಅಡೆಲ್ಫಿ ನಾಟಕಶಾಲೆಯ ಹಿಂಬಾಗಿಲಲ್ಲಿ ನಟ ವಿಲಿಯಂ ಟೆರಿಸ್‌ನನ್ನು ಇರಿದು ಕೊಂದದ್ದು ಅಲ್ಲಿ. ಅವನ ಪ್ರೇತ ಕವೆಂಟ್ ಗಾರ್ಡನ್ ಟ್ಯೂಬ್ ಸ್ಟೇಷನ್ನಿನಲ್ಲಿ ತಿರುಗುತ್ತದಂತೆ, ಸ್ಟೇಷನ್ನು ತೆರೆದದ್ದು ಮಾತ್ರ 1907ರಲ್ಲಿ. ಅವನನ್ನು ಹುಡುಕಿಕೊಂಡು ಅಲ್ಲೇ ಇಳಿಯುವವರು ಲಿಫ್ಟ್ ಹಿಡಿಯಿರಿ. ಮೆಟ್ಟಿಲ ದಾರಿ ಹಿಡಿದರೆ 193 ಮೆಟ್ಟಿಲು ಸುತ್ತಿ ಹತ್ತಬೇಕು. ಮಂಡಿನೋವಿರುವವರಿಗೆ ಹೋಬರ್ನ್ ಸ್ಟೇಷನ್ನೇ ವಾಸಿ, ಅಲ್ಲಿ ಎಸ್ಕಲೇಟರ್ ಇದೆ.